ಒಲ್ಲದ ರೇಟು

ಗಿಡ ಹತ್ತಿ ಟೊಂಗೆ ಇಳಿಸುವ ಕೆಲಸಕ್ಕೆ ಬಿದ್ದು ಮೂವತ್ತು ವರ್ಷವಾದರೂ ಬಡೇಸಾಬ ಒಬ್ಬ ಗಿರಾಕಿಗೂ 'ಒಲ್ಲೆ' ಅಂದವನಲ್ಲ. ಒಲ್ಲದ ಗಿಡಗಳು ಬರಲಿಲ್ಲವೆಂದೇನಲ್ಲ. ಕರೆಂಟಿನ ತಂತಿಯನ್ನು ಮೈತುಂಬ ಸುತ್ತಿಕೊಂಡ ಗಿಡ, ಒಳಗೆಲ್ಲ ಹುಳ ತಿಂದು ಹೊರಗೆ ಮಾತ್ರ ಹಸಿರು ತೋರಿಸುವ ಗಿಡ, ಅಣ್ಣತಮ್ಮಂದಿರ ಜಗಳದ ಗಡಿಯಲ್ಲಿ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಗಿಡ, ಎಲ್ಲವೂ ಬಂದಿದ್ದವು. ಅಂಥ ಕಡೆ ಅವನು ಒಂದು ಸುತ್ತು ಹಾಕಿ, ತಲೆ ಎತ್ತಿ ನೋಡಿ, ಒಂದು ರೇಟು ಹೇಳುತ್ತಿದ್ದ. ಕೇಳಿದವರು ಕೆಂಡ ಮುಟ್ಟಿದವರ ಹಾಗೆ ಹಿಂದೆ ಸರಿಯುತ್ತಿದ್ದರು. ಅವನು ಕೊಡಲಿ ಹೆಗಲಿಗೇರಿಸಿ, ಸಲಾಮು ಹೇಳಿ, ಬಂದ ದಾರಿ ಹಿಡಿಯುತ್ತಿದ್ದ.

ಇದನ್ನು ಕಲಿಸಿದವನು ಅವನ ಕಾಕಾ. ಹಳೇ ಹುಬ್ಬಳ್ಳಿಯ ಓಣಿಯ ಕಟ್ಟೆಯ ಮೇಲೆ ಕೂತು ಕೊಡಲಿ ಮಸೆಯುತ್ತ ಹೇಳುತ್ತಿದ್ದ: "ಹೊಟ್ಟಿ ತುಂಬಸೂ ರೋಜಿ ಬಂದು ಬಾಗಲಾ ಬಡದಾಗ ಒಲ್ಲೆ ಅನಬಾರದಪಾ. ಅಂದ್ರ ಅದು ಸಿಟ್ಟ ಮಾಡ್ಕೊಂಡ ಹೋಗ್ತೈತಿ, ಹೊಳ್ಳಿ ಬರಂಗಿಲ್ಲ. ಗಿಡ ಮನಸಿಗೆ ಬರಲಿಲ್ಲಾ? ಕೇಳಿದಾಂವನ ಕಿವಿ ಕೆಂಪ ಆಗೂವಂಥಾ ರೇಟು ಹೇಳು. ಒಲ್ಲೆ ಅನ್ನೂ ಪಾಪ ಅಂವ ಹೊತಗೊಂಡ ಹೋಗ್ಲಿ. ನಿನಗ್ಯಾಕ?"

ಗಿಡ ಹತ್ತುವ ಮಂದಿ ಇದಕ್ಕೆ ಒಲ್ಲದ ರೇಟು ಎನ್ನುತ್ತಿದ್ದರು. ಅದರ ಬೆನ್ನಿಗೇ ಇನ್ನೊಂದು ಕಟ್ಟಳೆ ಇತ್ತು. ಬಾಯಿಂದ ಬಂದ ರೇಟಿಗೆ ಗಿರಾಕಿ ಹೂಂ ಅಂದ ಮೇಲೆ ಹಿಂದೆ ಸರಿಯುವಂತಿಲ್ಲ. ಸರಿದರೆ ಮುಂಗಡವಾಗಿ ಹಿಡಿದ ಇಸಾರವನ್ನು ದುಪ್ಪಟ್ಟು ಮಾಡಿ ತಿರುಗಿ ಕೊಡಬೇಕು. ಕೊಟ್ಟರೂ ಮಾತು ಮುರಿದವನೆಂಬ ಹೆಸರು ಮೈಯಿಂದ ಹೋಗುವುದಿಲ್ಲ. ಬಡೇಸಾಬನಿಗೆ ಬೋರ್ಡು ಇರಲಿಲ್ಲ, ಅಂಗಡಿ ಇರಲಿಲ್ಲ. ಅವನ ಅಂಗಡಿ ಅವನ ನಾಲಿಗೆ. 'ಬಡೇಸಾಬ ಹೇಳಿದನೇನು? ಮುಗೀತು' ಎಂದು ಜನ ಅನ್ನುವುದರಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು.

ಒಪ್ಪುವ ಗಿಡದ ರೇಟು ಕಟ್ಟುವ ಬಗೆ ಬೇರೆಯೇ ಇತ್ತು. ಮೊದಲು ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಎರಡು ಸಲ ತಟ್ಟಿ ಸದ್ದು ಕೇಳುತ್ತಿದ್ದ. ಆಮೇಲೆ ತಂತಿ, ಹಂಚು, ಕಾಂಪೌಂಡಿನ ಗೋಡೆ ನೋಡುತ್ತಿದ್ದ. ಕೊನೆಗೆ ಗಿರಾಕಿಯ ಕಡೆ ತಿರುಗಿ, "ಒಂಚೂರು ನೀರು ಕೊಡ್ರಿ" ಅನ್ನುತ್ತಿದ್ದ. ಬಾಯಾರಿಕೆ ಇರಲಿ ಬಿಡಲಿ, ಕೇಳುವುದು ಮಾತ್ರ ತಪ್ಪುತ್ತಿರಲಿಲ್ಲ. ತಂಬಿಗೆ, ಲೋಟ ತಂದು ಕೈಗೆ ಕೊಟ್ಟರೆ ರೇಟು ಸ್ವಲ್ಪ ಇಳಿಯುತ್ತಿತ್ತು. ದೂರದಿಂದಲೇ ಅಂಗಳದ ನಲ್ಲಿಯತ್ತ ಬೆರಳು ತೋರಿಸಿದರೆ ಏರುತ್ತಿತ್ತು. ಅರ್ಧ ರೇಟು ಗಿಡದ್ದು, ಅರ್ಧ ನೀರಿನದು. ಇದು ಯಾವ ಗಿರಾಕಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಹುಲಗಪ್ಪ ಒಬ್ಬನೇ. ಅವನು ಕೆಳಗೆ ನಿಂತು ಹಗ್ಗ ಹಿಡಿಯುವವನು. ಕಡಿದ ಟೊಂಗೆ ಮನೆಯ ಮೇಲೆ ಬೀಳದ ಹಾಗೆ ಹಗ್ಗವನ್ನು ಬೊಡ್ಡೆಗೆ ಸುತ್ತಿ ಮೆಲ್ಲಗೆ ಸಡಿಲಿಸಿ ಇಳಿಸುವುದು ಅವನ ಕೆಲಸ. ಮೇಲಿನವನ ಜೀವ ಕೆಳಗಿನವನ ಅಂಗೈಯಲ್ಲಿ. ಇಬ್ಬರೂ ಹೀಗೆ ಹದಿನಾರು ವರ್ಷ ಕೂಡಿ ದುಡಿದಿದ್ದರು.

ವಿದ್ಯಾನಗರದ ಹಿಂದಿನ ಸಾಲಿನಲ್ಲಿ ಕಾಶೀಬಾಯಿಯ ಹಂಚಿನ ಮನೆ. ಅವಳ ಮಾವಿನ ಗಿಡದ ಟೊಂಗೆ ಪ್ರತಿ ವರ್ಷ ಹಂಚಿನ ಮೇಲೆ ಒರಗುತ್ತಿತ್ತು. ಪ್ರತಿ ವರ್ಷ ಬಡೇಸಾಬ ಒಂದು ದಿನದ ಪಗಾರ ಹೇಳುತ್ತಿದ್ದ, ಅವಳು ಎದೆ ಮುಟ್ಟಿಕೊಳ್ಳುತ್ತಿದ್ದಳು.

"ಎರಡ ಸಾವಿರಾ? ಗಿಡಾನ ಬೇರ ಸಮೇತ ಕಿತ್ತು ನಿನ್ನ ಮನ್ಯಾಗ ನಟ್ಟ ಬರ್ತೀ ಏನೋ ಬಡೇಸಾಬಾ?"

"ಮ್ಯಾಲ ಹತ್ತಾಂವ ನಾನರಿ ಆಯಿ. ಬಿದ್ರ ನನ್ನ ಸೊಂಟ ನೀವ ಕಟ್ಟಿ ಕೊಡ್ತೀರೇನು?"

"ನಿನ್ನ ಸೊಂಟಕ್ಕ ಎಂಟನೂರು ಭಾಳ ಆತು, ಹೋಗು."

ಅವನು ಹೊರಟುಬಿಡುತ್ತಿದ್ದ. ಗೇಟಿನ ಕೊಂಡಿಗೆ ಕೈ ಹಚ್ಚುವ ತನಕ ಅವಳು ಸುಮ್ಮನಿರುತ್ತಿದ್ದಳು. ಕೊಂಡಿ ಸದ್ದಾಯಿತೋ, "ಏ, ಚಾ ಆರಿ ಹೋಗ್ತೈತಿ, ಬಾ" ಎಂಬ ಕೂಗು. ಅಲ್ಲಿಂದ ನಿಜವಾದ ಮಾತು. ಕೊನೆಗೆ ಅದು ಅವನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡ ರೇಟಿಗೇ ಬಂದು ನಿಲ್ಲುತ್ತಿತ್ತು. ಅವಳೂ ಅದನ್ನೇ ಇಟ್ಟುಕೊಂಡಿರುತ್ತಿದ್ದಳು. ಚೌಕಾಶಿ ಮಾಡುವವರು ಕೆಲಸಕ್ಕೂ ಕೈಗೂ ಒಂದು ಬೆಲೆ ಇದೆಯೆಂದು ನಂಬಿದವರು ಎಂದು ಬಡೇಸಾಬ ತಿಳಿದಿದ್ದ. ಅದಕ್ಕೇ ಅವರ ಬೈಗುಳ ಅವನಿಗೆ ಸಿಹಿ.

ಹೋದ ಮಳೆಗಾಲದಲ್ಲಿ ಅದೇ ವಿದ್ಯಾನಗರದ ಹೊಸ ಕಾಲೊನಿಯಿಂದ ಕರೆ ಬಂತು. ಕಾಲೊನಿಯ ಸಂಘದ ಸೆಕ್ರೆಟರಿ ಶಶಿಕುಮಾರ ಗೇಟಿನ ಹತ್ತಿರವೇ ಕಾಯುತ್ತಿದ್ದ. ಇಸ್ತ್ರಿ ಮುರಿಯದ ಅಂಗಿ, ಮೂಗಿಗೆ ಅಡ್ಡ ಕರ್ಚೀಫು. ನಡುವಿನ ರಸ್ತೆಯಲ್ಲಿ ಒಂದು ಮುದಿ ಹುಣಸೆ ನಿಂತಿತ್ತು. ಆ ಜಾಗ ಹೊಲವಾಗಿದ್ದ ಕಾಲದ ಗಿಡ. ಮನೆಗಳು ಆಮೇಲೆ ಬಂದು ಅದರ ಸುತ್ತ ಕೂತಿದ್ದವು. ಕೊಡೆಯಷ್ಟು ದಟ್ಟವಾದ ಅದರ ನೆತ್ತಿಯ ತುಂಬ ಬೆಳ್ಳಕ್ಕಿಯ ಗೂಡು. ಕೆಳಗೆ ರಸ್ತೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಕಾರುಗಳ ಮೇಲೆ ಹಿಕ್ಕೆ, ಗೋಡೆಯ ಮೇಲೆ ಹಿಕ್ಕೆ, ತುಳಸಿಕಟ್ಟೆಯ ಮೇಲೂ ಹಿಕ್ಕೆ. ಉಣಕಲ್ಲ ಕೆರೆಯಿಂದ ಹಿಡಿದು ತಂದ ಮೀನು ಗೂಡಿನಿಂದ ಜಾರಿಬಿದ್ದು ಕೊಳೆತು ನಾರುತ್ತಿತ್ತು.

ಬಡೇಸಾಬನಿಗೂ ಓಕರಿಕೆ ಬಂತು. ಬೆಳ್ಳಕ್ಕಿಯ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ದೂರದಿಂದ ಕೆಸರು ಗದ್ದೆಯಲ್ಲಿ ನೋಡಿದರೆ ಅದು ಮಲ್ಲಿಗೆ; ಹತ್ತಿರ ಹೋದರೆ ಅದರಷ್ಟು ಹೊಲಸು ಹಕ್ಕಿ ಇನ್ನೊಂದಿಲ್ಲ. ಆದರೆ ಹಿಂದಿನ ವರ್ಷ ಇನ್ನೊಂದು ಕಾಲೊನಿಯಲ್ಲಿ ಅವನು ಒಂದು ಬೆಳಗು ಕಂಡಿದ್ದ. ಗರಗಸದ ಮಷೀನಿನವರು ಇಂಥದೇ ಗಿಡ ಕೆಡವಿ ಹೋಗಿದ್ದರು, ಬೊಡ್ಡೆ ಒಯ್ಯಲು ಇವನನ್ನು ಕರೆದಿದ್ದರು. ಡಾಂಬರಿನ ಮೇಲೆ ಪುಕ್ಕ ಬಲಿಯದ ಮರಿಗಳು ಬಿದ್ದಿದ್ದವು. ಮೈ ಸತ್ತಿತ್ತು, ಕುತ್ತಿಗೆ ಇನ್ನೂ ಆಡುತ್ತಿತ್ತು. ಒಬ್ಬ ಗೃಹಸ್ಥ ಒಂದು ಕೈಯಲ್ಲಿ ಫೋನು ಹಿಡಿದು ಯಾರೊಂದಿಗೋ ನಗುತ್ತ, ಇನ್ನೊಂದು ಕೈಯ ಪೈಪಿನಿಂದ ನೀರು ಬಿಟ್ಟು ಅವನ್ನು ಗಟಾರದ ಕಡೆ ದಬ್ಬುತ್ತಿದ್ದ. ಅಂಗಳ ತೊಳೆಯುವಷ್ಟೇ ಸಲೀಸಾಗಿ. ಆ ತಿಂಗಳು ಪೂರ್ತಿ ಬಡೇಸಾಬನಿಗೆ ತತ್ತಿ ಬಾಯಿಗಿಡಲು ಆಗಿರಲಿಲ್ಲ.

"ಪೂರಾ ತಗೀಬೇಕು," ಎಂದ ಶಶಿಕುಮಾರ. "ಬುಡಸಮೇತ. ಸಂಡೆ ಒಂದ ದಿನದಾಗ ಮುಗೀಬೇಕು."

"ಮರಿ ಅದಾವ್ರಿ ಸರ. ಎರಡ ತಿಂಗಳ ತಡದ್ರ ತಾವ ಹಾರಿ ಹೋಗ್ತಾವು."

"ಎರಡ ತಿಂಗಳ ಈ ನಾತ ನೀ ಕುಡೀತಿ ಏನು? ಕಾಗದ ಎಲ್ಲಾ ಆಗೇದ. ಡೇಂಜರ್ ಗಿಡ ಅಂತ ಬರಸೇವಿ. ರೇಟ ಹೇಳು."

ಬಡೇಸಾಬ ಕೊಡಲಿಯಿಂದ ಬೊಡ್ಡೆ ತಟ್ಟಿದ. ಗಟ್ಟಿ ಗಿಡ, ಗಂಟೆಯಂಥ ಸದ್ದು. ರೂಢಿ ಬಿಡದೆ ನೀರು ಕೇಳಿದ. ಶಶಿಕುಮಾರ ಮುಚ್ಚಳ ಬಿಚ್ಚದ ತಣ್ಣನೆಯ ಬಾಟಲಿ ತರಿಸಿ, ಕಾಂಪೌಂಡಿನ ಗೋಡೆಯ ಮೇಲೆ ಇಡಿಸಿದ. ನಲ್ಲಿ ತೋರಿಸಲಿಲ್ಲ, ಕೈಗೂ ಕೊಡಲಿಲ್ಲ. ಈ ನೀರನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೆಂದು ಬಡೇಸಾಬನಿಗೆ ಮೊದಲ ಸಲ ತಿಳಿಯಲಿಲ್ಲ. ಏನಾದರೇನು, ಈ ಗಿಡ ಬೇಡ. ಅವನು ಕಾಕಾನನ್ನು ನೆನೆದ. ತನ್ನ ಜನ್ಮದಲ್ಲಿ ಹೇಳದ ರೇಟು ಹೇಳಿದ.

"ದಿನಕ್ಕ ಹತ್ತ ಸಾವಿರ ಆಗ್ತೈತಿ ಸರ. ಹಗ್ಗದಾಂವಂದು ಬ್ಯಾರೆ."

ಹೇಳಿ ಕೊಡಲಿ ಹೆಗಲಿಗೇರಿಸಿದ. ಸಲಾಮಿಗೆ ಕೈ ಅರ್ಧ ಎತ್ತಿದ್ದ.

"ಓಕೆ. ಡನ್," ಅಂದ ಶಶಿಕುಮಾರ.

ಬಡೇಸಾಬನ ಕೈ ಅಲ್ಲೇ ನಿಂತಿತು. "ಹತ್ತ ಸಾವಿರ ಅಂದೇನ್ರಿ ನಾ."

"ಕೇಳಿಸ್ತೋ ಮಾರಾಯಾ. ಇಪ್ಪತ್ತೆಂಟ ಮನಿ ಅದಾವು, ಹಂಚಿದ್ರ ಒಂದ ಪಿಜ್ಜಾ ರೊಕ್ಕ ಆಗಂಗಿಲ್ಲ. ನಂಬರ್ ಹೇಳು, ಅಡ್ವಾನ್ಸ್ ಹಾಕ್ತೇನಿ."

ಬಡೇಸಾಬನ ಫೋನು ಗುಂಡಿ ಒತ್ತುವ ಹಳೆಯ ಫೋನು. ನಂಬರು ಹೇಳಿದವನು ಜೊತೆಗೆ ಬಂದಿದ್ದ ಹುಲಗಪ್ಪ. ಅವನ ಕಿಸೆಯಲ್ಲಿ ಫೋನು ಕುಂಯ್ ಅಂದಿತು. ಬಡೇಸಾಬ ಕೈಚಾಚದೆಯೇ, ನೋಟಿನ ಮುಖ ನೋಡದೆಯೇ, ಇಸಾರ ಹಿಡಿದಂತಾಯಿತು. ಚೌಕಾಶಿಯಿಲ್ಲ, ಬೈಗುಳವಿಲ್ಲ, ಗೇಟಿನ ತನಕ ನಡೆಯುವುದಿಲ್ಲ. ಕಾಲಕೆಳಗೆ ಮೆಟ್ಟಿಲಿದೆಯೆಂದು ಹೆಜ್ಜೆ ಇಟ್ಟವನು ಬರೀ ಗಾಳಿ ತುಳಿದ ಹಾಗಾಯಿತು ಅವನಿಗೆ.

ಮನೆಗೆ ಬಂದರೆ ಹುಲಗಪ್ಪನ ಖುಷಿ ಹಿಡಿಯುವವರಿಲ್ಲ. "ಅಣ್ಣಾ, ಇಷ್ಟ ವರ್ಷ ನಾವು ತಪ್ಪ ಓಣ್ಯಾಗ ತಿರಗೇವಿ ನೋಡು. ಇನ್ನ ಮ್ಯಾಲೆ ಎಲ್ಲಾ ಗಿಡಕ್ಕೂ ಒಲ್ಲದ ರೇಟ ಹೇಳೂಣು!"

ಬಡೇಸಾಬ ತಾಟಿನ ಮುಂದೆ ಕೂತೇ ಇದ್ದ. ಹೆಂಡತಿ ಮೈಮುನಾ ಶಿರಗುಪ್ಪಿಯ ಒಕ್ಕಲುತನದ ಮನೆಯವಳು, ಮಾತು ಒಣ ಮೆಣಸಿನಕಾಯಿ. ಎಲ್ಲ ಕೇಳಿಸಿಕೊಂಡು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು:

"ಮನಸಿಲ್ಲಾಂದ್ರ ಒಲ್ಲೆ ಅನಬೇಕಿತ್ತು."

"ಒಲ್ಲೆ ಅನಬಾರದು ಅಂತ ಕಾಕಾ..."

"ನಿಮ್ಮ ಕಾಕಾ ಹೋಗಿ ಯಾವ ಕಾಲ ಆತು. ಆವಾಗ ಮಂದಿ ಕಡೆ ರೊಕ್ಕ ಇರಲಿಲ್ಲ, ಅದಕ್ಕ ಆ ಬೇಲಿ ಸಾಕಾಗತಿತ್ತು. ಈಗ ಬೇಲಿ ಜಿಗಿಯೂ ಮಂದಿ ಬಂದಾರ. ನಾ ದಿನಾ ನಿಮಗ ಹತ್ತ ಸಲ ಒಲ್ಲೆ ಅಂತೇನಿ, ನನ್ನ ಬಾಯೇನ ಸವದೈತೇನು?"

ಹುಲಗಪ್ಪ ಹೋ ಎಂದು ನಕ್ಕ. ಬಡೇಸಾಬ ನಗಲಿಲ್ಲ. "ಮಾತು ಕೊಟ್ಟಾಗೈತಿ," ಅಂದ. "ಮುರದ್ರ ನಾಳಿ ಯಾರ ಕರೀತಾರ ನನ್ನ? ಭಾನುವಾರ ಹತ್ತತೇನಿ."

ಅವನು ಹತ್ತುವುದೆಂದೇ ಹೋದ. ಇದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಭಾನುವಾರ ಬೆಳಿಗ್ಗೆ ಕಾಲೊನಿ ಜಾತ್ರೆಗೆ ಸಜ್ಜಾದಂತೆ ಇತ್ತು. ಕಾರುಗಳಿಗೆ ತಾಡಪತ್ರಿ ಹೊದಿಸಿದ್ದರು. ಗೇಟಿನ ಕಡೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಉಪ್ಪಿಟ್ಟಿನ ತಾಟುಗಳು. ಒಂದು ಬದಿಗೆ ಬ್ಲೀಚಿಂಗ್ ಪೌಡರಿನ ಡಬ್ಬಿಗಳು, ಮಡಚಿಟ್ಟ ಗೋಣಿಚೀಲಗಳು, ಬಾಡಿಗೆಗೆ ತರಿಸಿದ ಟಂಟಂ ಗಾಡಿ. ಚೀಲ ಯಾತಕ್ಕೆಂದು ಬಡೇಸಾಬ ಕೇಳಲಿಲ್ಲ. ಕಸಕ್ಕಿರಬೇಕು ಅಂದುಕೊಂಡ.

ಸೊಂಟಕ್ಕೆ ಹಗ್ಗ ಬಿಗಿದು ಮೊದಲ ಕವಲಿಗೆ ಏರಿದ. ಮೇಲಕ್ಕೆ ಹೋದಷ್ಟೂ ಗಾಳಿ ದಪ್ಪವಾಗಿ, ಬಿಸಿಯಾಗಿ, ಹುಳಿಯಾಗಿ ಮೂಗಿಗೆ ತುಂಬಿತು. ತೊಗಟೆಯ ಮೇಲೆ ಹಿಕ್ಕೆಯ ಲೋಳೆ, ಹಿಡಿದರೆ ಜಾರುತ್ತಿತ್ತು. ದೊಡ್ಡ ಹಕ್ಕಿಗಳು ಎದ್ದು ತಲೆಯ ಮೇಲೆ ಕರ್ಕಶವಾಗಿ ಕಿರುಚುತ್ತ ಸುತ್ತಿದವು. ಕೈಗೆ ನಿಲುಕುವಷ್ಟು ಹತ್ತಿರದ ಗೂಡಿನಲ್ಲಿ ಮೂರು ಮರಿಗಳು ಒಂದರ ಮೇಲೊಂದು ಬಿದ್ದು ಅವನನ್ನು ನೋಡಿದವು. ಎಷ್ಟು ಕುರೂಪ! ಕೆದರಿದ ಜುಟ್ಟು, ಬೋಳು ಚರ್ಮದ ಕೆಳಗೆ ಹಸಿರು ನರ. ಹೆದರಿಕೆಗೆ ಒಂದು ಮರಿ ಕುತ್ತಿಗೆ ಉದ್ದ ಮಾಡಿ ಅವನ ತೋಳಿನ ಮೇಲೆ ಕಾರಿತು. ಅರ್ಧ ಕರಗಿದ ಮೀನು, ಒಂದು ಕಪ್ಪೆಯ ಕಾಲು. ಬಡೇಸಾಬ ಇನ್ನೊಂದು ಕೈಯಿಂದ ಕವಲನ್ನು ಗಟ್ಟಿ ಹಿಡಿದುಕೊಂಡ. ತನ್ನಲ್ಲಿದ್ದ ಒಂದೇ ಆಸ್ತಿಯನ್ನು ಹೊಟ್ಟೆಯಿಂದ ಹೊರಗೆ ತೆಗೆದು ಕೊಟ್ಟು, ಬಿಟ್ಟುಬಿಡು ಅಂದಿತೇನೋ ಅದು, ಎಂಬ ಹುಚ್ಚು ಯೋಚನೆ ಬಂತು.

"ಏ ಸಾಬಾ!" ಶಶಿಕುಮಾರ ಕೆಳಗಿನಿಂದ ಕೂಗಿದ. "ಮದಲ ಮರಿ ಎಲ್ಲಾ ಚೀಲದಾಗ ತುಂಬಿ ಇಳಿಸಿಬಿಡು. ಟೊಂಗಿ ಕೂಡ ಬಿದ್ರ ರಸ್ತೆ ತುಂಬ ಒದ್ದಾಡ್ತಾವು, ಯಾರರ ವಿಡಿಯೋ ಮಾಡಿದ್ರ ತಾಪತ್ರಯ. ಬಾಯಿ ಬಿಗದ ಕಟ್ಟು. ಗಾಡಿ ತಯಾರ ಐತಿ."

"ಜೀವಂತ ಅದಾವ್ರಿ ಸರ!"

"ಚೀಲದಾಗ ಹಾಕಿದ ಮ್ಯಾಲೆ ಎಷ್ಟೊತ್ತ ಇರ್ತಾವು?"

ಕುರ್ಚಿಗಳಲ್ಲಿ ನಗೆ ಎದ್ದಿತು. ಯಾರೋ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂಗು ಮುಚ್ಚಿ, ಮತ್ತೆ ಚಮಚ ಎತ್ತಿದರು.

"ಫುಕಟ ಅಲ್ಲಪಾ," ಶಶಿಕುಮಾರ ಮುಂದುವರಿದ. "ಅದರ ರೇಟ ಬ್ಯಾರೆ. ಚೀಲಕ್ಕ ಎಷ್ಟು ಅಂತ ಹೇಳಿಬಿಡು."

ಚೀಲಕ್ಕೆ ಎಷ್ಟು? ಕೇಳಿದ್ದೇ ತಡ, ಬಡೇಸಾಬನ ತಲೆ ಲೆಕ್ಕಕ್ಕೆ ಇಳಿಯಿತು. ಇಷ್ಟು ಗೂಡು, ಗೂಡಿಗೆ ಮೂರು ಮರಿ, ಚೀಲಕ್ಕೆ ಇಷ್ಟು ಹಿಡಿಯುತ್ತವೆ, ಹೊತ್ತು ಇಳಿಸುವ ತ್ರಾಸು ಇಷ್ಟು. ಮೂವತ್ತು ವರ್ಷ ಪಳಗಿದ ತಲೆ, ಯಾರೂ ಹೇಳದೆ, ತಾನಾಗಿಯೇ. ನಾಲಿಗೆಯ ತುದಿಗೆ ಒಂದು ರೇಟು ಬಂದು ಕೂತಿತು. ನ್ಯಾಯವಾದ ರೇಟು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಅದು ನಾಲಿಗೆಯ ಮೇಲೆ ಇದ್ದುದು ಗೊತ್ತಾದ ಗಳಿಗೆಗೆ ಅವನಿಗೆ ತೋಳಿನ ಮೇಲಿನ ಕೊಳೆತ ಮೀನು ಏನೂ ಅಲ್ಲ ಅನ್ನಿಸಿತು. ಅದನ್ನು ತೊಳೆಯಬಹುದು. ಬಾಯೊಳಗಿನದನ್ನು ಏನಿಂದ ತೊಳೆಯುವುದು? ಅವನು ಕವಲಿನಿಂದ ಆಚೆ ಬಾಗಿ ಎರಡು ಸಲ ಉಗುಳಿದ. ಆಮೇಲೆ, ಒಂದೂ ಟೊಂಗೆ ಮುಟ್ಟದೆ, ಹತ್ತಿದ ದಾರಿಯಲ್ಲೇ ಇಳಿದ.

"ಯಾಕ ಇಳದಿ?"

"ಒಲ್ಲೆ ಸರ."

"ಏನ ಒಲ್ಲೆ? ಚೀಲಾ?"

"ಈ ಕೆಲಸಾನ ಒಲ್ಲೆ."

ಆ ಮಾತು ಅವನ ಬಾಯಿಗೆ ಹೊಸ ಚಪ್ಪಲಿಯ ಹಾಗೆ ಒತ್ತುತ್ತಿತ್ತು. ಶಶಿಕುಮಾರನ ಮುಖದ ಮೇಲೆ ಮೆಲ್ಲಗೆ ಒಂದು ನಗೆ ಹರಡಿತು. ಒಳಗುಟ್ಟು ಹಿಡಿದವನ ನಗೆ.

"ಹುಷಾರ ಅದೀ ಬಿಡಪಾ. ಗಿಡ ಹತ್ತಿ ರೇಟ ಏರಸ್ತೀ. ಆತು, ಹನ್ನೆರಡ."

"ಒಲ್ಲೆ ಅಂದೆನ್ರಿ."

"ಹದಿನೈದ. ಇದ ಫೈನಲ್."

"ಕೊಟ್ಟ ಬಿಡ್ರಿ ಅತ್ಲಾಗ," ಎಂದಳು ಕುರ್ಚಿಯ ಮೇಲಿನ ಒಬ್ಬಳು, "ಮಧ್ಯಾಹ್ನ ನಮ್ಮ ಬೀಗರ ಬರೂವ್ರದಾರ."

"ರೇಟ ಅಲ್ಲರಿ ಅದು," ಬಡೇಸಾಬ ಅಂದ. "ಒಲ್ಲೆ ಅಂದ್ರ ಒಲ್ಲೆ."

"ಹದಿನೆಂಟ!"

ಹಗ್ಗ ಹಿಡಿದ ಹುಲಗಪ್ಪ ಕಿವಿಯ ಹತ್ತಿರ ಬಾಗಿದ. ಅವನ ಕಣ್ಣು ಹೊಳೆಯುತ್ತಿದ್ದವು. "ಅಣ್ಣಾ, ಇನ್ನೊಮ್ಮೆ ಒಲ್ಲೆ ಅನ್ನು. ಇಪ್ಪತ್ತಕ್ಕ ಬರ್ತಾನ."

ಬಡೇಸಾಬ ಅವನ ಮುಖ ನೋಡಿದ. ಆಮೇಲೆ ಕುರ್ಚಿಗಳತ್ತ ನೋಡಿದ. ಅವನು ಎಷ್ಟು ಸಲ ಒಲ್ಲೆ ಎಂದರೂ ಅವರ ಕಿವಿಯಲ್ಲಿ ಅದು ಒಂದು ಅಂಕಿಯಾಗಿಯೇ ಬೀಳುತ್ತಿತ್ತು. ಅವರಲ್ಲಿ ಕೆಟ್ಟವರೆಂದು ಬೆರಳು ಮಾಡಿ ತೋರಿಸುವಂಥವರು ಯಾರೂ ಇರಲಿಲ್ಲ. ಅಂಗಳಕ್ಕೆ ರಂಗೋಲಿ ಹಾಕುವವರು, ಮೊಮ್ಮಕ್ಕಳಿಗೆ ತುತ್ತು ಕೊಡುವವರು. ಅದೇ ಅವನಿಗೆ ಹೆಚ್ಚು ಹೇಸಿಗೆ ತಂದಿತು. ಅವನು ಸೊಂಟದ ಹಗ್ಗ ಬಿಚ್ಚಿ ಹುಲಗಪ್ಪನ ಕೈಗೆ ಹಾಕಿ, ಗೇಟಿನ ಕಡೆ ನಡೆದ. ಗೇಟಿನ ಕೊಂಡಿಗೆ ಕೈ ಹಚ್ಚಿದಾಗ ಹಿಂದಿನಿಂದ ಕೂಗು ಬಂತು: "ಇಪ್ಪತ್ತ!"

ಕಾಶೀಬಾಯಿ ಕೂಗುವ ಗಳಿಗೆಯಲ್ಲೇ ಶಶಿಕುಮಾರ ಕೂಗಿದ್ದ. ಬಡೇಸಾಬ ತಿರುಗಲಿಲ್ಲ.

ಇಸಾರವನ್ನು ಹುಲಗಪ್ಪ ಹಲ್ಲು ಕಡಿಯುತ್ತ ಫೋನಿನಿಂದ ತಿರುಗಿ ಹಾಕಿದ. ದುಪ್ಪಟ್ಟಿನ ಇನ್ನರ್ಧವನ್ನು ಬಡೇಸಾಬ ಮರುದಿನ ತಾನೇ ಒಯ್ದು ಕೊಟ್ಟ. ಗರಗಸದ ಸಣ್ಣ ಮಷೀನು ಕೊಳ್ಳಲೆಂದು ಮೈಮುನಾ ಹಿಟ್ಟಿನ ಡಬ್ಬಿಯಲ್ಲಿ ಕೂಡಿಟ್ಟ ಹಣ ಅದು. ಶಶಿಕುಮಾರ ಬೇಡ ಅನ್ನಬಹುದೆಂದು ಅವನ ಮನಸ್ಸಿನ ಒಂದು ಮೂಲೆ ಕಾದಿತ್ತು. ಆತ, "ಇದೇನಿದು? ಪೆನಾಲ್ಟಿ ಏನು? ಛಲೋ ಸಿಸ್ಟಮ್ ಐತಿ ನಿಮ್ಮದು," ಎಂದು ತೆಗೆದುಕೊಂಡು ಒಳಗೆ ಹೋದ. ಆ ಸಂಜೆಗೇ ವಿದ್ಯಾನಗರದ ಫೋನುಗಳಿಗೆಲ್ಲ ಒಂದು ಸುದ್ದಿ ಹರಿಯಿತು: ಬಡೇಸಾಬನೆಂಬ ಗಿಡ ಕಡಿಯುವವನು ಅಡ್ವಾನ್ಸು ಹಿಡಿದು, ಗಿಡ ಹತ್ತಿ ರೇಟು ಏರಿಸಿ, ಕೊನೆಗೆ ಕೈಕೊಟ್ಟು ಹೋಗುತ್ತಾನೆ, ಯಾರೂ ಕರೆಯಬಾರದು.

ಕರೆಗಳು ನಿಂತವು. ಲಕಮನಹಳ್ಳಿಯ ಒಂದು ಕಾರ್ಖಾನೆಯ ಕಾಂಪೌಂಡಿನಲ್ಲಿ ಒಣ ಟೊಂಗೆ ಆರಿಸುವ ಸಣ್ಣ ಕೆಲಸ ಸಿಕ್ಕಿತು, ಅಷ್ಟೇ. ಅಲ್ಲಿಗೆ ಹೋಗಬೇಕೆಂದು ಹಗ್ಗ ತರಲು ಹುಲಗಪ್ಪನ ಮನೆಗೆ ಹೋದ. ಹಗ್ಗ ಯಾವಾಗಲೂ ಇರುವುದು ಅವನ ಮನೆಯಲ್ಲೇ. ಹುಲಗಪ್ಪ ಒಳಗಿದ್ದೂ ಹೊರಗೆ ಬರಲಿಲ್ಲ. ಅವನ ಅವ್ವ ಗುಡ್ಡವ್ವ ಅಟ್ಟದಿಂದ ಹಗ್ಗದ ಸುರುಳಿ ಇಳಿಸಿ ಕೊಟ್ಟಳು. ಕೊಡುವಾಗ ಮುಖ ಆಚೆ ತಿರುಗಿಸಿದ್ದಳು.

ಬಡೇಸಾಬ ಹಗ್ಗವನ್ನು ಹೆಗಲಿಗೆ ಹಾಕಿದ. ಹಾಕಿದವನೇ ತೆಗೆದು ಮೂಗಿನ ಹತ್ತಿರ ಹಿಡಿದ. ಮೀನು. ಅದರ ಮೇಲೆ ಬ್ಲೀಚಿಂಗ್ ಪೌಡರು. ನೂಲಿನ ಹುರಿಹುರಿಯಲ್ಲಿ ಬೆಳ್ಳನೆಯ ಪುಟ್ಟ ಪುಕ್ಕ ಸಿಕ್ಕಿಕೊಂಡಿತ್ತು.

"ಹುಲಗ್ಯಾ!"

ಹುಲಗಪ್ಪ ಬಾಗಿಲಿಗೆ ಬಂದ. ತಲೆ ತಗ್ಗಿಸಲಿಲ್ಲ. "ಹೌದು, ಹೋಗಿದ್ದೆ. ಮಷೀನಿನವ್ರಿಗೆ ಹಗ್ಗದಾಂವ ಬೇಕಿತ್ತು. ನೀ ಬಿಟ್ಟ ಬಂದಿ, ಗಿಡೇನ ಉಳೀತೇನು? ನಿನ್ನ ಹೇಸಿಗಿ ನಿನಗ, ನನ್ನ ಹೊಟ್ಟಿ ನನಗ."

"ನನ್ನ ಹಗ್ಗಾನ ಯಾಕ ಒಯ್ದಿ?"

ಬಡೇಸಾಬ ಹಗ್ಗವನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟ. ಮನೆ ಹೊಕ್ಕು, ದುರ್ಗದ ಬೈಲಿನ ಪೇಟೆಗೆ ಹೋಗಿ, ಹಿಟ್ಟಿನ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೊಟ್ಟು, ಹೊಸ ಹಗ್ಗ ಕೊಂಡ. ಅಂಗಡಿಯವ ಹೇಳಿದ ಬೆಲೆಯನ್ನು ಅವನು ಚೌಕಾಶಿ ಮಾಡಲಿಲ್ಲ. ಬಾಯಿಗೆ ಆ ರುಚಿಯೇ ಹೋಗಿತ್ತು.

ಮಳೆ ಹಿಂದಾಗುವ ಹೊತ್ತಿಗೆ ಕಾಶೀಬಾಯಿಯ ಕರೆ ಬಂತು. ಹೋದಾಗ ಸೊಸೆ ಋತುಜಾ ಜಗುಲಿಯ ಮೇಲೆ ಫೋನು ಹಿಡಿದು ನಿಂತಿದ್ದಳು. ಕಾಶೀಬಾಯಿ ಶುರು ಮಾಡಿಯೇಬಿಟ್ಟಳು.

"ಬಂದ್ಯಾ ದೊಡ್ಡ ಮನಶ್ಯಾ! ನಿನ್ನ ಹೆಸರು ಈಗ ಫೋನಿನ್ಯಾಗ ಬರ್ತೈತಂತಲ್ಲೋ. ಮಾತ ಮುರದಾಂವಗ ಪೂರಾ ಪಗಾರ ಯಾರ ಕೊಡ್ತಾರು? ಈ ಸರ್ತಿ ಎಂಟನೂರು ಸೈತ ಇಲ್ಲ, ಏಳನೂರು."

ಬಡೇಸಾಬ ನೀರು ಕೇಳಿರಲಿಲ್ಲ. ಕೊಡಲಿಯಿಂದ ಬೊಡ್ಡೆ ತಟ್ಟಿರಲಿಲ್ಲ. ಸುಮ್ಮನೆ ನಿಂತು, "ಒಲ್ಲೆ ಆಯಿ," ಅಂದ.

ಅಜ್ಜಿಯ ಬಾಯಲ್ಲಿ ತಯಾರಾಗಿದ್ದ ಮುಂದಿನ ಮಾತು ಅಲ್ಲೇ ನಿಂತಿತು. ಅವಳು ಅವನ ಮುಖವನ್ನು ನೋಡಿದಳು. ಇಷ್ಟು ವರ್ಷಗಳ ಆಟದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ಒಲ್ಲೆ ಅಂದ್ಯಾ?"

"ಹೂಂ."

"ಋತುಜಾ, ಆ ಫೋನು ಒಳಗಿಡು," ಎಂದಳು ಕಾಶೀಬಾಯಿ. ಆಮೇಲೆ ಅವನಿಗೆ: "ಒಲ್ಲೆ ಅಂದ್ರ ಮುಗೀತು. ನಿನ್ನ ಪಗಾರ ಎಷ್ಟೈತಿ ಅಷ್ಟ ತಗೋ. ಆದ್ರ ಒಂದ ಮಾತು. ಆ ಹುಣಸಿ ಗಿಡದಾಗ ಹಕ್ಕಿ ಇದ್ದುವೇನು?"

"ಇದ್ದುವ್ರಿ."

ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಅವನ ಕೈಗೆ ಕೊಟ್ಟು, ಗೇಟಿನತ್ತ ಹುಬ್ಬು ಹಾರಿಸಿದಳು. "ಹೊರಗ ನಿಂತಾಂವ ನಿನ್ನಾವನ ಹೌದಲ್ಲೋ? ಅವಗೂ ಕೊಡು."

ಗೇಟಿನ ಆಚೆ ಹುಲಗಪ್ಪ ನಿಂತಿದ್ದ. ಯಾರು ಹೇಳಿ ಕಳಿಸಿದ್ದರೋ, ಗುಡ್ಡವ್ವನೇ ಇರಬೇಕು. ಮೈಯೆಲ್ಲ ತಿಕ್ಕಿ ತೊಳೆದು ಬಂದ ಹಾಗಿತ್ತು. ಲಿಂಬೆಯ ಸಿಪ್ಪೆ ಉಜ್ಜಿದ ಅಂಗೈಗಳು ಬಿಳಿಚಿದ್ದವು. ಬಡೇಸಾಬ ತಂಬಿಗೆ ಚಾಚಿದಾಗ ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಮ್ಯಾಲಿಂದ ಸುರುವಣ್ಣಾ, ಬೊಗಸಿಗೆ. ವಾಸನಿ ಇನ್ನೂ ಹೋಗವಲ್ದು." ಬೊಗಸೆ ಒಡ್ಡುತ್ತ, "ಊಟ ಮಾಡೂವಾಗ ಬರ್ತೈತಿ," ಅಂದ.

ಬಡೇಸಾಬ ಸುರಿದ. ಕ್ಷಮಿಸಿದ್ದಕ್ಕಲ್ಲ, ಕ್ಷಮಿಸುವಷ್ಟು ದೊಡ್ಡ ಜಾಗ ಅವನ ಎದೆಯಲ್ಲಿ ಆ ದಿನ ಇರಲಿಲ್ಲ. ಹಗ್ಗ ಹಿಡಿಯುವವನು ಬೇಕಿತ್ತು, ಆ ಅಂಗೈಗಳು ಟೊಂಗೆಯ ತೂಕ ಬಲ್ಲವು. ಹೊಸ ಹಗ್ಗದ ತುದಿಯನ್ನು ಅವನ ಮುಂದೆ ನೆಲಕ್ಕೆ ಎಸೆದು ಮಾವಿನ ಗಿಡ ಹತ್ತಿದ.

ನೆತ್ತಿಯ ಹತ್ತಿರ ಹೋದಾಗ ಮನೆಗಳ ಮೇಲಿಂದ ಆ ಕಾಲೊನಿ ಕಂಡಿತು. ಹುಣಸೆ ಇದ್ದ ಕಡೆ ಬರೀ ಬೆಳಕು, ಹಲ್ಲು ಕಿತ್ತ ವಸಡಿನ ಹಾಗೆ. ಕಾರುಗಳು ತೊಳೆದು ಹೊಳೆಯುತ್ತಿದ್ದವು. ಕರೆಂಟಿನ ತಂತಿಯ ಮೇಲೆ ಹತ್ತಾರು ಬೆಳ್ಳಕ್ಕಿಗಳು ಕೂತು ರಸ್ತೆಯನ್ನೇ ನೋಡುತ್ತಿದ್ದವು. ಅವನು ಆ ಕಡೆ ಬೆನ್ನು ಮಾಡಿ ಕೂತು, ಟೊಂಗೆಗೆ ಹಗ್ಗ ಬಿಗಿದ.

"ಅಣ್ಣಾ," ಕೆಳಗಿನಿಂದ ಹುಲಗಪ್ಪ ಕೂಗಿದ. "ಧಾರವಾಡದಿಂದ ಯಾರೋ ಫೋನ ಮಾಡಿದ್ರು. ದೊಡ್ಡ ಬೇವಿನ ಗಿಡ ಅಂತ. ರೇಟ ಏನ ಹೇಳ್ಲಿ?"

"ನೋಡಿ ಹೇಳೂಣು. ಗೂಡು ಇದ್ದರ ರೇಟ ಹೇಳಬ್ಯಾಡ."

"ಮತ್ತೇನ ಹೇಳ್ಲಿ?"

"ಒಲ್ಲೆ ಅನ್ನು."

ಹುಲಗಪ್ಪ ಹಗ್ಗವನ್ನು ಬೊಡ್ಡೆಗೆ ಎರಡು ಸುತ್ತು ಸುತ್ತಿದ. ಕೆಳಗೆ ಅವನು ಆ ಮಾತನ್ನು ಒಮ್ಮೆ ತನ್ನೊಳಗೇ ಅಂದು ನೋಡಿದ್ದು, ತುಟಿ ಅಲುಗಿದ್ದು, ಬಡೇಸಾಬನಿಗೆ ಮೇಲಿನಿಂದ ಕಾಣಿಸಿತು.

"ಬಾಯೇನ ಸವೆಯಂಗಿಲ್ಲ," ಎಂದು ಮೈಮುನಾಳ ಮಾತನ್ನೇ ಹೇಳಿ ಬಡೇಸಾಬ ಕೊಡಲಿ ಎತ್ತಿಕೊಂಡ.